ಗ್ರೀಕರ ಪುಟ್ಟ ಪದ, ವಾಕ್ಯದ ದೊಡ್ಡ ಕೀಲು

ಇಂಗ್ಲಿಷ್ ಪರೀಕ್ಷೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎಂಬ ಪ್ರಶ್ನೆ ಬಂದಾಗ 'ಎ', 'ಆ್ಯನ್', 'ದಿ'ಗಳ ಪೈಕಿ ಯಾವುದನ್ನು ಬರೆಯಬೇಕೆಂದು ತಲೆ ಕೆರೆದುಕೊಳ್ಳದ ಕನ್ನಡ ಶಾಲೆಯ ವಿದ್ಯಾರ್ಥಿ ಅಪರೂಪ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಆರ್ಟಿಕಲ್ ಎಂಬ ವಸ್ತುವೇ ಕನ್ನಡದಲ್ಲಿಲ್ಲ. 'ಸೂರ್ಯ ಹುಟ್ಟಿದ' ಎಂದರೆ ನಮಗೆ ಸಾಕು. ಇಂಗ್ಲಿಷಿಗೆ ಮಾತ್ರ ಸೂರ್ಯನಿಗಿಂತ ಮೊದಲು ಒಂದು 'ದಿ' ಹುಟ್ಟಬೇಕು.

ಇಂಥವರು ಗ್ರೀಕ್ ಭಾಷೆ ಕಲಿಯಲು ಹೊರಟರೆ ಗತಿಯೇನು? ಇಂಗ್ಲಿಷಿನಲ್ಲಿ ಒಂದೇ ಒಂದು 'ದಿ' ಇರುವ ಜಾಗದಲ್ಲಿ ಇಂದಿನ ಗ್ರೀಕ್ 18 ಮನೆಗಳ ಕೋಷ್ಟಕವನ್ನೇ ಮುಂದಿಡುತ್ತದೆ. ಮೂರು ಲಿಂಗ, ಎರಡು ವಚನ, ಮೂರು ವಿಭಕ್ತಿ. ಪುಲ್ಲಿಂಗಕ್ಕೆ 'ಒ', ಸ್ತ್ರೀಲಿಂಗಕ್ಕೆ 'ಇ', ನಪುಂಸಕಕ್ಕೆ 'ತೊ' ಎಂಬುದು ಅದರ ಮೊದಲ ಸಾಲು ಮಾತ್ರ. ಪ್ರಾಚೀನ ಗ್ರೀಕಿನಲ್ಲಿ ಇನ್ನೂ ಒಂದು ವಿಭಕ್ತಿ ಸೇರಿ ಮನೆಗಳು 24 ಆಗುತ್ತವೆ, ದ್ವಿವಚನ ಬೇರೆ.

ಆದರೆ ಗಾಬರಿಯಾಗಬೇಕಿಲ್ಲ. ಇಂಗ್ಲಿಷಿನ ಕಿಟಕಿಯಿಂದ ನೋಡಿದರೆ ಕಗ್ಗಂಟಾಗಿ ಕಾಣುವ ಈ ಪುಟ್ಟ ಪದ, ಕನ್ನಡದ ಬಾಗಿಲಿನಿಂದ ನೋಡಿದರೆ ಅಷ್ಟೇನೂ ಅಪರಿಚಿತವಲ್ಲ.

ಕೀಲು ಎಂಬ ಹೆಸರು

ಆರ್ಟಿಕಲ್‌ಗೆ ಗ್ರೀಕ್ ವೈಯಾಕರಣರು ಇಟ್ಟ ಹೆಸರು 'ಆರ್ಥ್ರೋನ್'. ಹಾಗೆಂದರೆ ಕೀಲು. ಕೀಲುನೋವಿಗೆ ವೈದ್ಯರು ಹೇಳುವ 'ಆರ್ಥ್ರೈಟಿಸ್' ಎಂಬ ಪದವೂ ಇದೇ ಮೂಲದ್ದು. ರೋಮನರು ಈ ಹೆಸರನ್ನು ತಮ್ಮ ಲ್ಯಾಟಿನ್ನಿಗೆ 'ಆರ್ಟಿಕುಲುಸ್', ಅಂದರೆ 'ಪುಟ್ಟ ಕೀಲು' ಎಂದು ಅನುವಾದಿಸಿಕೊಂಡರು. ಇಂಗ್ಲಿಷಿನ 'ಆರ್ಟಿಕಲ್' ಬಂದದ್ದು ಅಲ್ಲಿಂದ. ತಮಾಷೆಯೆಂದರೆ ಲ್ಯಾಟಿನ್ನಿನಲ್ಲಿ ಆರ್ಟಿಕಲ್ಲೇ ಇರಲಿಲ್ಲ! ತಮ್ಮ ಭಾಷೆಗೆ ಅದರ ಅಗತ್ಯವೂ ಇಲ್ಲವೆಂದು ಕ್ರಿ.ಶ. ಒಂದನೇ ಶತಮಾನದ ರೋಮನ್ ಶಿಕ್ಷಕ ಕ್ವಿಂಟಿಲಿಯನ್ ಬರೆದಿಟ್ಟಿದ್ದಾನೆ. ವಿಪರ್ಯಾಸ ನೋಡಿ, ಅದೇ ಲ್ಯಾಟಿನ್ನಿನ ಮಕ್ಕಳಾದ ಇಟಾಲಿಯನ್, ಸ್ಪ್ಯಾನಿಶ್, ಫ್ರೆಂಚ್ ಭಾಷೆಗಳೆಲ್ಲ ಮುಂದೆ ಆರ್ಟಿಕಲ್ ಬೆಳೆಸಿಕೊಂಡವು.

ಗ್ರೀಕರು ಮಾತ್ರ ಈ ಕೀಲನ್ನು ಬಹು ಗಂಭೀರವಾಗಿ ತೆಗೆದುಕೊಂಡಿದ್ದರು. ಕ್ರಿ.ಶ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಅಪೊಲೋನಿಯಸ್ ಡಿಸ್ಕೊಲಸ್ ಎಂಬ ವೈಯಾಕರಣ ವಾಕ್ಯರಚನೆಯ ಬಗ್ಗೆ ಬರೆದ ಗ್ರಂಥದ ಮೊದಲ ಭಾಗದಲ್ಲಿ ಎತ್ತಿಕೊಂಡ ವಿಷಯ ಆರ್ಟಿಕಲ್ಲೇ.

ಮುಂದೆ ಬರುವ ವಿಭಕ್ತಿ

ಕೀಲು ಎಂಬ ಹೆಸರು ಎಷ್ಟು ಸಾರ್ಥಕ ಎಂಬುದಕ್ಕೆ ಒಂದು ಸರಳ ವಾಕ್ಯ ಸಾಕು. 'ಇ ಎಲೇನಿ ವ್ಲೇಪಿ ತಿ ಮರೀಯಾ'. ಎಲೇನಿ ಮರೀಯಾಳನ್ನು ನೋಡುತ್ತಾಳೆ ಎಂದರ್ಥ. ಇದನ್ನೇ 'ತಿ ಮರೀಯಾ ವ್ಲೇಪಿ ಇ ಎಲೇನಿ' ಎಂದು ತಿರುಗಿಸಿ ಹೇಳಿದರೂ ನೋಡುವವಳು ಎಲೇನಿಯೇ. ಕನ್ನಡದಲ್ಲಿ 'ರಾಮ ಸೀತೆಯನ್ನು ನೋಡಿದ' ಎಂದರೂ 'ಸೀತೆಯನ್ನು ರಾಮ ನೋಡಿದ' ಎಂದರೂ ಅರ್ಥ ಬದಲಾಗದು, ಅಲ್ಲವೇ? ಹಾಗೆಯೇ ಇದು.

ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ 'ಅನ್ನು' ಎಂಬ ಪ್ರತ್ಯಯ ಹೆಸರಿನ ಕೊನೆಗೆ ಅಂಟಿಕೊಂಡು, ನೋಡಿದ್ದು ಯಾರನ್ನು ಎಂದು ಹೇಳುತ್ತದೆ. ಗ್ರೀಕಿನ ಈ ವಾಕ್ಯದಲ್ಲಿ ಎಲೇನಿ, ಮರೀಯಾ ಎಂಬ ಹೆಸರುಗಳು ಒಂದಿಷ್ಟೂ ಬದಲಾಗಿಲ್ಲ. ಬದಲಾಗಿರುವುದು ಅವುಗಳ ಮುಂಚಿನ ಆರ್ಟಿಕಲ್ ಮಾತ್ರ. 'ಇ' ಇದ್ದರೆ ಕರ್ತೃ, 'ತಿ' ಇದ್ದರೆ ಕರ್ಮ. ಎರಡನ್ನೂ ಕಿತ್ತುಹಾಕಿದರೆ ಯಾರು ಯಾರನ್ನು ನೋಡಿದರೆಂಬುದು ಪದಗಳನ್ನು ನೋಡಿದರೆ ತಿಳಿಯದು. ನಾವು ಕೊನೆಗೆ ಅಂಟಿಸುವ ವಿಭಕ್ತಿಯನ್ನು ಗ್ರೀಕರು ಇಲ್ಲಿ ಮುಂದೆ ನಿಲ್ಲಿಸಿದ್ದಾರೆ ಎಂದುಕೊಂಡರೆ ಅರ್ಧ ಕಷ್ಟ ಪರಿಹಾರವಾದಂತೆ. ಪುಲ್ಲಿಂಗದ ಎಷ್ಟೋ ಪದಗಳಲ್ಲಿ ಕೊನೆಯೂ ಬದಲಾಗುವುದುಂಟು: 'ಒ ನೀಕೊಸ್' ಎಂಬವನು ಕರ್ಮವಾದಾಗ 'ತೊನ್ ನೀಕೊ' ಆಗುತ್ತಾನೆ.

ಲಿಂಗದ ವಿಷಯವೂ ಹೀಗೆಯೇ. 'ಯತ್ರೋಸ್' ಎಂದರೆ ವೈದ್ಯ. 'ಒ ಯತ್ರೋಸ್' ಎಂದರೆ ಗಂಡು ವೈದ್ಯ, 'ಇ ಯತ್ರೋಸ್' ಎಂದರೆ ವೈದ್ಯೆ. ಪದ ಅದೇ, ಒಳಗೆ ಕುಳಿತಿರುವವರು ಯಾರೆಂದು ಹೇಳುವುದು ಒಂದಕ್ಷರದ ಆರ್ಟಿಕಲ್.

ಕನ್ನಡಿಗರಿಗೆ ನಿಜವಾದ ತೊಡಕು ಬರುವುದು ವಸ್ತುಗಳ ಲಿಂಗದಲ್ಲಿ. ಗ್ರೀಕರಿಗೆ ಗೋಡೆ ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಮೇಜು ನಪುಂಸಕ. ಹುಡುಗಿ ಎಂಬರ್ಥದ 'ಕೊರೀತ್ಸಿ' ಕೂಡ ನಪುಂಸಕವೇ! ಸಂಸ್ಕೃತ ಬಲ್ಲವರಿಗೆ ಇದು ಅಚ್ಚರಿಯಲ್ಲ. ಅಲ್ಲಿ ಗೆಳೆಯನೆಂಬ 'ಮಿತ್ರಂ' ನಪುಂಸಕಲಿಂಗ, ಹೆಂಡತಿಯೆಂಬ 'ದಾರಾಃ' ಪುಲ್ಲಿಂಗ. ಇದಕ್ಕೆ ಉಪಾಯ ಒಂದೇ. ಮನೆ ಎಂದರೆ 'ಸ್ಪೀತಿ' ಎಂದು ಕಲಿಯಬಾರದು, 'ತೊ ಸ್ಪೀತಿ' ಎಂದೇ ಬಾಯಿಪಾಠ ಮಾಡಬೇಕು. ಪದದ ಕೊನೆಯನ್ನು ನಂಬಿ ಹೊರಟರೆ ಕೆಲವೊಮ್ಮೆ ಮೋಸ ಹೋಗಬೇಕಾಗುತ್ತದೆ. 'ಒಧೋಸ್' ಅಂದರೆ ಬೀದಿ. ನೀಕೊಸ್‌ನಂತೆ ಗಂಡಾಗಿ ಕಂಡರೂ ಅದು ಸ್ತ್ರೀಲಿಂಗ.

ಸಃ, ಸಾ, ತತ್

ಈ 'ಒ, ಇ, ತೊ'ಗಳನ್ನು ನೆನಪಿಡಲು ನಮಗೊಂದು ಹಳೆಯ ನಂಟು ನೆರವಾಗುತ್ತದೆ. ಪ್ರಾಚೀನ ಗ್ರೀಕಿನಲ್ಲಿ ಇವು 'ಹೊ, ಹೇ, ತೊ' ಆಗಿದ್ದವು. ಇವುಗಳ ಪಕ್ಕದಲ್ಲಿ ಸಂಸ್ಕೃತದ 'ಸಃ, ಸಾ, ತತ್' ಇಟ್ಟು ನೋಡಿ. ಸಂಸ್ಕೃತದ 'ಸಪ್ತ' ಗ್ರೀಕಿನಲ್ಲಿ 'ಹೆಪ್ತಾ' ಆದಂತೆ ಪದದ ಮೊದಲಿನ ಸಕಾರ ಅಲ್ಲಿ ಹಕಾರವಾಗಿದೆ. ಹಳಗನ್ನಡದ 'ಪಾಲು' ನಮ್ಮಲ್ಲಿ 'ಹಾಲು' ಆಗಲಿಲ್ಲವೇ? ಕರ್ಮದ ರೂಪಗಳಾದ 'ತೊನ್, ತೇನ್, ತೊ' ಕೂಡ 'ತಂ, ತಾಂ, ತತ್'ಗಳ ಸೋದರರೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಹೇಳಿದ ಮಾತಿಗೆ ಇದೂ ಒಂದು ಸಾಕ್ಷಿ.

ಅಂದರೆ ಗ್ರೀಕಿನ ಆರ್ಟಿಕಲ್ ಮೂಲದಲ್ಲಿ 'ಅವನು, ಅವಳು, ಅದು' ಎಂಬ ಸರ್ವನಾಮ. ಹೋಮರನ ಕಾವ್ಯಗಳಲ್ಲಿ ಅದು ಬಹುಮಟ್ಟಿಗೆ ಆ ಅರ್ಥದಲ್ಲೇ ಬರುತ್ತದೆ. ಪ್ಲೇಟೊ ಬರೆಯುವ ಹೊತ್ತಿಗೆ ಬೆರಳು ಮಾಡಿ ತೋರಿಸುವ ಕೆಲಸ ಬಿಟ್ಟು ನಾಮಪದದ ಕಾಯಂ ಸಂಗಾತಿಯಾಗಿತ್ತು. ಇಂಗ್ಲಿಷಿನ 'ದಿ' ಹುಟ್ಟಿದ್ದೂ 'ಆ' ಎಂಬರ್ಥದ ಪದದಿಂದಲೇ. ಕಾಲಕ್ರಮದಲ್ಲಿ ಗ್ರೀಕರ ನಾಲಗೆಯಿಂದ ಹಕಾರವೂ ಜಾರಿತು. ಆದರೂ ಬರವಣಿಗೆಯಲ್ಲಿ ಅದರ ನೆನಪಿಗಾಗಿ ಅಕ್ಷರದ ಮೇಲೊಂದು ಪುಟ್ಟ ಗುರುತು ಉಳಿದುಕೊಂಡಿತ್ತು. 1982ರಲ್ಲಿ ಗ್ರೀಸ್ ಸರ್ಕಾರ ಲಿಪಿಯನ್ನು ಸರಳಗೊಳಿಸಿದಾಗ ಅದೂ ಹೋಯಿತು.

ಎಲ್ಲಿ ಬೇಕು, ಎಲ್ಲಿ ಬೇಡ?

ಇಂಗ್ಲಿಷನ್ನು ನಂಬಿ ಗ್ರೀಕ್ ಮಾತಾಡುವವರು ಮೊದಲು ಎಡವುವುದು ಇಲ್ಲಿ. ಗ್ರೀಕರು ಜನರ ಹೆಸರಿಗೂ ಆರ್ಟಿಕಲ್ ಹಚ್ಚುತ್ತಾರೆ. ದೇಶ, ಊರುಗಳಿಗೂ ಅಷ್ಟೇ: ಅಥೆನ್ಸ್ 'ಇ ಅಥೀನಾ', ಭಾರತ 'ಇ ಇಂಧೀಯಾ', ದೆಹಲಿ 'ತೊ ಧೆಲ್ಹಿ'. ಸ್ವಾತಂತ್ರ್ಯ, ಪ್ರೀತಿ, ಬದುಕು ಮುಂತಾದ ಭಾವನಾಮಗಳಿಗೂ ಬೇಕು. 'ನನ್ನ ಮನೆ' ಎನ್ನಲು 'ತೊ ಸ್ಪೀತಿ ಮು', 'ಈ ಮನೆ' ಎನ್ನಲು 'ಅಫ್ತೊ ತೊ ಸ್ಪೀತಿ'. ಇಂಗ್ಲಿಷಿನಲ್ಲಿ ಹೀಗೆ 'ಈ' ಜೊತೆಗೆ 'ದಿ' ಸೇರಿಸಿದರೆ ಮೇಷ್ಟ್ರು ಕೆಂಪು ಗೆರೆ ಎಳೆಯುವುದು ಖಂಡಿತ.

ಬೇಡದ ಕಡೆಗಳೂ ಇವೆ. ಯಾರನ್ನಾದರೂ ಕೂಗಿ ಕರೆಯುವಾಗ ಆರ್ಟಿಕಲ್ ಬೇಡ. 'ನಾನು ನೀಕೊಸ್' ಎನ್ನಲು 'ಒ' ಬೇಕು. 'ನನ್ನನ್ನು ನೀಕೊ ಎನ್ನುತ್ತಾರೆ' ಎಂದು ಪರಿಚಯಿಸಿಕೊಳ್ಳುವಾಗ ಬೇಡ. 'ನಾನು ವೈದ್ಯ', 'ನಾನು ಭಾರತೀಯ' ಎನ್ನುವಾಗಲೂ, 'ನನಗೆ ಕಾರು ಇದೆ' ಎನ್ನುವಾಗಲೂ ಬೇಡ. ಇಲ್ಲೆಲ್ಲ 'ಎ', 'ಆ್ಯನ್' ತುರುಕುವ ಇಂಗ್ಲಿಷ್ ಅಭ್ಯಾಸ ಅಡ್ಡಿಯಾಗುತ್ತದೆ. ಕನ್ನಡದ ಅಭ್ಯಾಸ ಕೈಹಿಡಿಯುತ್ತದೆ. 'ಒಂದಾನೊಂದು ಊರಿನಲ್ಲಿ ಒಬ್ಬ ರಾಜ' ಎಂಬಂತೆ ಹೊಸಬರನ್ನು ಪರಿಚಯಿಸಬೇಕಾದಾಗ ಮಾತ್ರ 'ಏನಾಸ್, ಮೀಯಾ, ಏನಾ' ಬರುತ್ತವೆ. ಇವು ನಮ್ಮ 'ಒಬ್ಬ, ಒಬ್ಬಳು, ಒಂದು' ಇದ್ದಂತೆಯೇ.

ಪುಟ್ಟ ಪದದ ದೊಡ್ಡ ಜಗಳ

ತತ್ತ್ವಶಾಸ್ತ್ರಕ್ಕೂ ಈ ಪದದ ಋಣವಿದೆಯೆಂದು ವಾದಿಸುವವರಿದ್ದಾರೆ. ಗುಣವಾಚಕದ ಮುಂದೆ 'ತೊ' ಇಟ್ಟರೆ ಅದೇ ಒಂದು ಪರಿಕಲ್ಪನೆಯಾಗುತ್ತದೆ. 'ತೊ ಅಗಥೋನ್' ಎಂದರೆ 'ಒಳ್ಳೆಯದು', 'ತೊ ಕಲೋನ್' ಎಂದರೆ 'ಸುಂದರವಾದುದು'. ಗ್ರೀಕರ ವೈಜ್ಞಾನಿಕ ಚಿಂತನೆ ಬೆಳೆದದ್ದು ಈ ಅನುಕೂಲದಿಂದ ಎಂದು ಜರ್ಮನ್ ವಿದ್ವಾಂಸ ಬ್ರೂನೊ ಸ್ನೆಲ್ 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದ. ಆದರೆ ಆರ್ಟಿಕಲ್ ಇಲ್ಲದ ಸಂಸ್ಕೃತದಲ್ಲೂ ಉಪನಿಷತ್ತುಗಳು ಹುಟ್ಟಿದವಲ್ಲ! ಕನ್ನಡವಂತೂ 'ಒಳ್ಳೆಯದು', 'ಇರುವುದು' ಎಂದು ಕೊನೆಗೊಂದು 'ದು' ಸೇರಿಸಿ ಅದೇ ಕೆಲಸ ಮುಗಿಸುತ್ತದೆ.

ಈ ಪದಕ್ಕಾಗಿ ಪುಸ್ತಕವನ್ನೇ ಬರೆದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಗ್ರಾನ್‌ವಿಲ್ ಶಾರ್ಪ್ ಬಟ್ಟೆ ವ್ಯಾಪಾರಿಯ ಬಳಿ ಕೆಲಸ ಕಲಿಯುತ್ತಿದ್ದಾಗ, ಧರ್ಮಚರ್ಚೆಯಲ್ಲಿ ಎದುರಾಳಿಗೆ ಉತ್ತರಿಸಲೆಂದೇ ಗ್ರೀಕ್ ಕಲಿತವನು. ಮುಂದೆ 1798ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಆರ್ಟಿಕಲ್ ಕುರಿತೇ ಪುಸ್ತಕ ಪ್ರಕಟಿಸಿದ. 'ಮತ್ತು' ಎಂಬುದರಿಂದ ಕೂಡಿದ ಎರಡು ನಾಮಪದಗಳಲ್ಲಿ ಮೊದಲನೆಯದಕ್ಕೆ ಮಾತ್ರ ಆರ್ಟಿಕಲ್ ಇದ್ದರೆ ಇಬ್ಬರೂ ಒಬ್ಬನೇ ಎಂಬುದು, ಕೆಲವು ಷರತ್ತುಗಳೊಡನೆ, ಅವನ ವಾದ. ಗೆಳೆಯನೂ ಗುರುವೂ ಒಬ್ಬನೋ ಇಬ್ಬರೋ ಎಂಬ ಪ್ರಶ್ನೆಯಾದರೆ ಯಾರೂ ತಲೆ ಕೆಡಿಸಿಕೊಳ್ಳರು. ದೇವರ ವಿಷಯಕ್ಕೆ ಬಂದಾಗ ಆರ್ಟಿಕಲ್ ಇದೆಯೇ ಇಲ್ಲವೇ ಎಂಬುದರ ಮೇಲೆ ಪಂಥಗಳ ನಡುವೆ ವಾದ ಎದ್ದಿತು. ಅದು ಇಂದಿಗೂ ಮುಗಿದಿಲ್ಲ.

ಇನ್ನು, ಒಂದು ಮಹಾನಗರದ ಹೆಸರಿನಲ್ಲೇ ಈ ಆರ್ಟಿಕಲ್ ಅಡಗಿ ಕುಳಿತಿದೆ. ಕಾನ್‌ಸ್ಟಾಂಟಿನೋಪಲ್ ಗ್ರೀಕರ ಬಾಯಲ್ಲಿ ಬರೀ 'ಇ ಪೋಲಿ', ಅಂದರೆ 'ನಗರ'. 'ನಗರಕ್ಕೆ' ಎನ್ನಲು 'ಇಸ್ ತಿನ್ ಪೋಲಿ'. ಈ ಮಾತೇ ಸವೆದು 'ಇಸ್ತಾಂಬುಲ್' ಆಯಿತೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆ ಹೆಸರಿನ ನಡುವಿನ 'ತಾ' ಒಂದು ಕಾಲದ 'ತಿನ್'. 'ಪೋಲಿ'ಯಂತೂ ನಮ್ಮ 'ಪುರ'ದ ದೂರದ ನೆಂಟ.

ಹಾಗಾಗಿ ಗ್ರೀಕ್ ಕಲಿಯುವ ಕನ್ನಡಿಗ 'ಇದು ಇಂಗ್ಲಿಷಿನ ದಿ' ಎಂದುಕೊಂಡು ಶುರು ಮಾಡದಿರುವುದೇ ಲೇಸು. 'ಸಃ, ಸಾ, ತತ್' ನೆನಪಿರಲಿ, ವಿಭಕ್ತಿ ಮುಂದೆ ಬಂದು ನಿಂತಿದೆ ಎಂಬ ಅರಿವಿರಲಿ, ಪ್ರತಿ ಪದವನ್ನೂ ಅದರ ಕೀಲಿನೊಡನೆಯೇ ಕಲಿಯುವ ತಾಳ್ಮೆಯಿರಲಿ. ಕೀಲು ಸರಿಯಾಗಿ ಕೂತರೆ ವಾಕ್ಯ ತಾನಾಗಿ ನಡೆಯುತ್ತದೆ.