ಕೊಟ್ಟದ್ದೋ, ಬಿಟ್ಟದ್ದೋ?

ಅವತ್ತು ಮಧ್ಯಾಹ್ನ ಸಂಡಿಗೆ ಕರಿಯುತ್ತಿದ್ದೆ. ಹಿಂದಿನ ಮನೆಯಾಕೆ ಸೆರಗಿನ ಮರೆಯಲ್ಲಿ ನಾಲ್ಕು ಹಾಳೆ ಹಿಡಿದುಕೊಂಡು ಅಡಿಗೆಮನೆಗೇ ಬಂದರು. “ನೀವು ಇಂಗ್ಲಿಷ್ ಓದಿದೋರು. ರಿಲೀಸ್ ಅಂದ್ರೆ ಸಿನಿಮಾ ರಿಲೀಸ್ ಅಂತಾರಲ್ಲ, ಅದೇ ತಾನೆ?” ಎಂದರು.

ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ರಿಲೀಸ್ ಡೀಡ್’ ಎಂದಿತ್ತು. ನಾನು ಸ್ಟೌವ್ ಆರಿಸಿದೆ.

ತವರಿನಲ್ಲಿ ಅಣ್ಣ ಹೇಳಿದ್ದನಂತೆ: “ಖಾತೆ ಟ್ರಾನ್ಸ್‌ಫರ್‌ಗೆ ನಿಂದೊಂದು ಸೈನ್ ಬೇಕು ಕಣೆ. ಸೋಮವಾರ ಬಂದು ಹಾಕಿ, ಊಟ ಮಾಡ್ಕೊಂಡು ಹೋಗು.” ಅಷ್ಟೇ. ಅಜ್ಜನ ಕಾಲದ ಮನೆ, ಎರಡೆಕರೆ ತೋಟ. ತಂದೆ ಹೋದದ್ದು 2002ರಲ್ಲಿ. ಪಾಲು ಆಗಿಯೇ ಇಲ್ಲ.

ನನ್ನ ಮಗನ ಶಾಲೆಯ ಡಿಕ್ಷನರಿ ತೆಗೆದು ನೋಡಿದೆವು. ಟ್ರಾನ್ಸ್‌ಫರ್ ಎಂದರೆ ವರ್ಗಾಯಿಸು, ಹಸ್ತಾಂತರಿಸು. ರಿಲೀಸ್ ಎಂದರೆ ಬಿಟ್ಟುಕೊಡು. ಗಿಫ್ಟ್ ಎಂದರೆ ಕೊಡು. ಡಿಕ್ಷನರಿಯ ಮಟ್ಟಿಗೆ ಇವೆಲ್ಲ ಅಕ್ಕತಂಗಿಯರು. ಪರೀಕ್ಷೆಯಲ್ಲಿ ಒಂದಕ್ಕೆ ಬದಲು ಇನ್ನೊಂದು ಬರೆದರೆ ಮೇಷ್ಟರು ಅರ್ಧ ಮಾರ್ಕನ್ನಾದರೂ ಕೊಟ್ಟಾರು. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದಕ್ಕೆ ಬದಲು ಇನ್ನೊಂದಕ್ಕೆ ಸಹಿ ಹಾಕಿದರೆ ಏನಾಗುತ್ತದೆ, ನೀವೇ ಯೋಚಿಸಿ ನೋಡಿ.

ಖಾತೆ ಬದಲಾವಣೆ ಎಂದರೆ ಕಂದಾಯ ಯಾರ ಹೆಸರಿನಲ್ಲಿ ಕಟ್ಟಬೇಕು ಎಂಬ ದಾಖಲೆ ಮಾತ್ರ. ಅಣ್ಣನ ಹೆಸರಿಗೆ ಖಾತೆಯಾಯಿತು ಅಂದ ಮಾತ್ರಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಇದನ್ನು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ರಿಲೀಸ್ ಡೀಡ್ ಹಾಗಲ್ಲ. ಕನ್ನಡದಲ್ಲಿ ಅದಕ್ಕೆ ಹಕ್ಕು ಬಿಡುಗಡೆ ಪತ್ರ ಅನ್ನುತ್ತಾರೆ. ಜಂಟಿ ಆಸ್ತಿಯಲ್ಲಿ ನನಗಿರುವ ಪಾಲನ್ನು ಉಳಿದ ಪಾಲುದಾರರಿಗೆ ಬಿಟ್ಟಿದ್ದೇನೆ ಎಂದು ಬರೆದುಕೊಡುವುದು. ರಿಜಿಸ್ಟರ್ ಆದಮೇಲೆ “ನಂಗೆ ಗೊತ್ತಿರ್ಲಿಲ್ಲ” ಅಂದರೆ, ಮೋಸ ಆಯಿತೆಂದು ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಅದು ವರ್ಷಗಟ್ಟಲೆಯ ಕೆಲಸ, ಅದೂ ಒಡಹುಟ್ಟಿದವನ ವಿರುದ್ಧ!

“ನಂದು 89ರಲ್ಲಿ ಮದುವೆ ಆಗೋಯ್ತು. ಮದುವೆ ಆದೋರಿಗೆ ಎಲ್ಲಿ ಪಾಲು?” ಎಂದರು ಆಕೆ. ಪಾಪ, ಅವರು ಹೇಳಿದ್ದು ಒಂದು ಕಾಲಕ್ಕೆ ನಿಜವೇ. ನಮ್ಮ ಕರ್ನಾಟಕದ ತಿದ್ದುಪಡಿ 1994ರ ಜುಲೈನಲ್ಲಿ ಜಾರಿಗೆ ಬಂದಾಗ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ ಆ ಬೇಲಿ ಇಲ್ಲ. ಆಮೇಲೂ “ಆ ದಿನಕ್ಕೆ ತಂದೆ ಬದುಕಿರಬೇಕಿತ್ತೇ?” ಎಂಬ ಜಗಳ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದಲೇ, ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಮಾನ ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನು ಪ್ರಕಾರ ಪಾಲು ಮುಗಿದು ಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ಇವರ ಮನೆಯಲ್ಲಿ ಪಾಲೇ ಆಗಿಲ್ಲವಲ್ಲ!

ಹಕ್ಕು ಬಿಡಲೇಬಾರದು ಅಂತ ನಾನು ಹೇಳುವುದಿಲ್ಲ. ಅಣ್ಣನಿಗೆ ಕಷ್ಟ ಇದ್ದರೆ, ತಂದೆತಾಯಿಯನ್ನು ಅವನೇ ನೋಡಿಕೊಂಡಿದ್ದರೆ, ಮನಸ್ಸಿದ್ದರೆ ಬಿಡಿ. ಆದರೆ ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಡಿ. ಊಟದ ಜೊತೆಗೆ ಸಹಿ ಅಲ್ಲ.

ಇನ್ನು ಗಿಫ್ಟ್. ನಮ್ಮ ಬಳಗದ ಒಬ್ಬ ದೊಡ್ಡಮ್ಮ “ನಾನು ಕಣ್ಣು ಮುಚ್ಚಿದ ಮೇಲೆ ಮನೆ ಮಗನಿಗೇ ತಾನೆ” ಎಂದು ಗಿಫ್ಟ್ ಡೀಡ್ ಮಾಡಿಸಿಬಿಟ್ಟರು. ಅವರ ಮನಸ್ಸಿನಲ್ಲಿದ್ದದ್ದು ವಿಲ್. ವಿಲ್ಲಿಗೆ ಜೀವ ಬರುವುದು ಬರೆದವರು ಹೋದ ಮೇಲೆ; ಇರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹರಿದೂ ಹಾಕಬಹುದು. ದಾನಪತ್ರ ರಿಜಿಸ್ಟರ್ ಆಗಿ ಪಡೆದವರು ಒಪ್ಪಿಕೊಂಡರೆಂದರೆ ಆಸ್ತಿ ಆಗಲೇ ಕೈಬಿಟ್ಟಿತು. ಮನಸ್ಸು ಬದಲಾಯಿತು ಅಂತ ವಾಪಸು ಕೇಳಲು ಸಾಮಾನ್ಯವಾಗಿ ಬರುವುದಿಲ್ಲ. ದೊಡ್ಡಮ್ಮ ಕೊನೆಗೆ ತಮ್ಮದೇ ಮನೆಯ ಹಿಂದಿನ ರೂಮಿನಲ್ಲಿ ಸೊಸೆಯ ಮುಖ ನೋಡಿಕೊಂಡು ಇದ್ದರು. ಕಾಫಿ ಕೇಳುವುದಕ್ಕೂ ಹೊತ್ತು ನೋಡಬೇಕಾಗಿತ್ತು.

ಅರವತ್ತು ದಾಟಿದವರಿಗೆ 2007ರ ಕಾಯಿದೆಯಲ್ಲಿ ಒಂದು ಬಾಗಿಲಿದೆ. ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟು, ಅವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಆದ್ದರಿಂದ ಕೊಡುವುದೇ ಆದರೆ ಆ ಷರತ್ತನ್ನು ಪತ್ರದಲ್ಲೇ ಬರೆಸಿ. “ಮಗನ ಹತ್ರ ಷರತ್ತೇ?” ಎಂದು ನಾಚಿಕೊಳ್ಳಬೇಡಿ. ದೊಡ್ಡಮ್ಮನೂ ನಾಚಿಕೊಂಡಿದ್ದರು.

ನಾಮಿನಿ ಅನ್ನುವುದು ಇನ್ನೊಂದು ಮೋಸದ ಪದ. “ನಮ್ಮೆಜಮಾನ್ರು ನನ್ನನ್ನೇ ನಾಮಿನಿ ಮಾಡಿದ್ದಾರೆ, ಎಲ್ಲಾ ನಂದೇ” ಎಂದು ಎಷ್ಟು ಜನ ನಿಶ್ಚಿಂತೆಯಾಗಿದ್ದೀರಿ! ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ, ನಿಜ. ಆದರೆ ಆಕೆ ಅದನ್ನು ವಾರಸುದಾರರ ಪರವಾಗಿ ಪಡೆದುಕೊಳ್ಳುವವಳು. ವಿಮೆಯ ವಿಷಯದಲ್ಲಿ 1983ರಲ್ಲೂ, ಷೇರುಗಳ ವಿಷಯದಲ್ಲಿ 2023ರಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ವಿಮೆಗೆ ಮಾತ್ರ 2015ರಲ್ಲಿ ಕಾನೂನು ತಿದ್ದಿ, ನಾಮಿನಿ ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆತಾಯಿ ಆಗಿದ್ದರೆ ಹಣದ ಲಾಭ ಅವರಿಗೇ ಎಂದು ಸೇರಿಸಿದರು. ಮಿಕ್ಕದ್ದಕ್ಕೆಲ್ಲ ಎಜಮಾನರ ಹತ್ತಿರ ಒಂದು ವಿಲ್ ಬರೆಸಿಡಿ. ಬಿಳಿ ಕಾಗದದ ಮೇಲೆ ಬರೆದರೂ ನಡೆಯುತ್ತದೆ, ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಅಪಶಕುನ ಅನ್ನುತ್ತಾರೆಯೇ? ಹಬ್ಬದ ಹಿಂದಿನ ದಿನ ಕೇಳಬೇಡಿ, ಸಂಬಳದ ದಿನ ಕೇಳಿ.

ಹೊಸದಾಗಿಸುವ ಪದಗಳಲ್ಲೂ ಹೀಗೆಯೇ. ರಿನ್ಯೂ ಬೇರೆ, ರಿವೈವ್ ಬೇರೆ. ವಿಮೆಯ ಕಂತು ಹೊತ್ತಿಗೆ ಕಟ್ಟಿದರೆ ಅದು ರಿನ್ಯೂವಲ್. ಕಟ್ಟದೆ ಪಾಲಿಸಿ ನಿಂತುಹೋಗಿ, ಮತ್ತೆ ಎಬ್ಬಿಸಿದರೆ ರಿವೈವಲ್. ಆಗ ಬಡ್ಡಿ ಕೊಡಬೇಕು, ಆರೋಗ್ಯ ಸರಿಯಿದೆ ಅಂತ ಬರೆದುಕೊಡಬೇಕಾಗಬಹುದು. ಬ್ಯಾಂಕಿನ ಫಿಕ್ಸೆಡ್ ಡಿಪಾಜಿಟ್ ವಿಷಯದಲ್ಲಿ ನಾನೇ ದಡ್ಡಿ. ಎರಡು ವರ್ಷ ಬೀರುವಿನಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿ ರಸೀತಿ ಇಟ್ಟು ಮರೆತಿದ್ದೆ. ತಾನಾಗಿ ರಿನ್ಯೂ ಆಗಲಿ ಎಂಬ ಚೌಕದಲ್ಲಿ ನಾನು ಗುರುತು ಹಾಕಿರಲಿಲ್ಲವಂತೆ. ಅವಧಿ ಮುಗಿದು ಸುಮ್ಮನೆ ಬಿದ್ದಿರುವ ಠೇವಣಿಗೆ ಉಳಿತಾಯ ಖಾತೆಯ ಬಡ್ಡಿ ಅಥವಾ ಹಳೆಯ ಬಡ್ಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ರಿಸರ್ವ್ ಬ್ಯಾಂಕಿನ 2021ರ ನಿಯಮ. ನಮ್ಮ ಮನೆಯವರಿಗೆ ಈ ಸಂಗತಿ ಇನ್ನೂ ಗೊತ್ತಿಲ್ಲ. ಈ ಪುಟ ಅವರು ಓದುವುದಿಲ್ಲ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೆ ಗಾಬರಿ ಬೇಡ, ಆಮೇಲೂ ನಿಮ್ಮ ಬ್ಯಾಂಕಿಗೇ ಹೋಗಿ ಕೇಳಿ ಪಡೆಯಬಹುದು.

ಆಲ್ಟರ್ ಅನ್ನುವುದನ್ನು ಟೈಲರ್ ಹತ್ತಿರವೇ ಬಿಡಿ. ಚೆಕ್ಕಿನಲ್ಲಿ ಹೆಸರೋ ಮೊತ್ತವೋ ತಪ್ಪಾದರೆ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಕಾಲ ಹೋಯಿತು. ಹೊಸ ಹಾಳೆಯನ್ನೇ ಬರೆಯಿರಿ.

ಹಿಂದಿನ ಮನೆಯಾಕೆ ಸೋಮವಾರ ಊರಿಗೆ ಹೋಗಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಗೆ ಹಾಳೆ ತೋರಿಸಿ ಬಂದರು; ಹೆಂಗಸರಿಗೆ ಅಲ್ಲಿ ಫೀಸಿಲ್ಲ, ಆದಾಯದ ಮಿತಿಯೂ ಇಲ್ಲ. ಆಮೇಲೆ ಅಣ್ಣನಿಗೆ ಫೋನ್ ಮಾಡಿ, “ತೋಟ ನೀನೇ ಇಟ್ಕೋ, ಮನೇಲಿ ನನ್ನ ಹೆಸರು ಇರ್ಲಿ” ಎಂದರಂತೆ. ಆ ಕಡೆಯಿಂದ ಮಾತಿಲ್ಲ. ಅತ್ತಿಗೆ ಫೋನ್ ಇಸಿದುಕೊಂಡು “ಹುಷಾರಾಗಿದ್ದೀರಾ?” ಎಂದು ಕೇಳಿ ಇಟ್ಟರಂತೆ.

ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನ ಇದೆ. ಪ್ರತಿ ವರ್ಷ ಇಷ್ಟು ಹೊತ್ತಿಗೆ ತವರಿನ ಬಾಗಿನದ ದುಡ್ಡು ಬಂದುಬಿಡುತ್ತಿತ್ತು. ಮೊನ್ನೆ ಮೊರ ಕೊಳ್ಳಲು ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಆಕೆ ಎರಡು ಜೊತೆ ಮೊರ ತೆಗೆದುಕೊಂಡರು, ಒಂದು ಜೊತೆ ಅತ್ತಿಗೆಗೆ.