ಆರು ಆಂಪಿಯರ್‌ನಲ್ಲಿ ಸಂಸಾರ

ಬ್ರಿಟನ್ನಿನಿಂದ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಎಳೆದುಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಿದವರಿಗೆ ಫ್ರಾನ್ಸಿನ ಕ್ಯಾಂಪ್‌ಸೈಟಿನಲ್ಲೂ ಬಹುಪಾಲು ಅದೇ ನೀಲಿ, ಮೂರು ಪಿನ್ನಿನ ಪ್ಲಗ್ಗೇ ನಡೆಯುತ್ತದೆ. ಬದಲಾಗುವುದು ಆಂಪಿಯರ್. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 16. ಫ್ರಾನ್ಸಿನಲ್ಲಿ 10 ಸಿಕ್ಕರೆ ಪುಣ್ಯ, ಎಷ್ಟೋ ಕಡೆ ಬರೀ 6. ವೋಲ್ಟೇಜ್ ನಮ್ಮ ಮನೆಯಲ್ಲಿರುವಷ್ಟೇ, 230. ಗುಣಿಸಿ ನೋಡಿ: 16 ಆಂಪಿಯರ್‌ಗೆ 3,680 ವ್ಯಾಟ್, 6 ಆಂಪಿಯರ್‌ಗೆ 1,380. ನಮ್ಮ ಬಚ್ಚಲಿನ ಗೀಸರ್ ಒಂದೇ 2,000 ವ್ಯಾಟ್ ಎಳೆಯುತ್ತದೆ. ಅದಕ್ಕಿಂತ ಕಡಿಮೆಯಲ್ಲಿ ಇವರ ಇಡೀ ಸಂಸಾರ ಸಾಗಬೇಕು.

ಚಳಿಯ ಬೆಳಗ್ಗೆ ಹೀಟರ್ 1,000 ವ್ಯಾಟ್, ಫ್ರಿಜ್ಜು 150, ಬ್ಯಾಟರಿ ಚಾರ್ಜರ್ 100 ಎನ್ನೋಣ. ಐದೂವರೆ ಆಂಪಿಯರ್ ಆಗಲೇ ಖರ್ಚು. ಇದರ ಮೇಲೆ ಚಹಾಕ್ಕೆಂದು 1,000 ವ್ಯಾಟಿನ ಕೆಟಲ್ ಹಾಕಿದರೆ ಒಟ್ಟು ಹತ್ತರ ಹತ್ತಿರ. ಆದರೂ ಕರೆಂಟು ಆ ಕ್ಷಣಕ್ಕೇ ಹೋಗುವುದಿಲ್ಲ.

ಕ್ಯಾಂಪ್‌ಸೈಟಿನ ಕರೆಂಟು ಕಂಬದ ಪೆಟ್ಟಿಗೆಯೊಳಗಿನ ಎಂಸಿಬಿಯಲ್ಲಿ, ಅಂದರೆ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚಿನಲ್ಲಿ, ಇಬ್ಬರು ಕಾವಲುಗಾರರು. ಶಾರ್ಟ್ ಸರ್ಕ್ಯೂಟ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುವುದು ಸುರುಳಿಯ ಅಯಸ್ಕಾಂತ. ಇನ್ನೊಬ್ಬ ನಿಧಾನಸ್ಥ: ಎರಡು ಲೋಹಗಳನ್ನು ಬೆಸೆದ ತೆಳು ಪಟ್ಟಿ. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಸಾಕಷ್ಟು ಬಾಗಿದಾಗ ಕೊಂಡಿ ಕಳಚುತ್ತದೆ. ಮಿತಿಗಿಂತ ಶೇ. 13ರಷ್ಟು ಹೆಚ್ಚು ಎಳೆದರೂ ಒಂದು ಗಂಟೆ ತಡೆದುಕೊಳ್ಳಬೇಕು, ಶೇ. 45 ಹೆಚ್ಚಾದರೆ ಗಂಟೆಯೊಳಗೆ ಬೀಳಲೇಬೇಕು ಎಂಬುದು ಅದಕ್ಕಿರುವ ಮಾನದಂಡ. ಹತ್ತು ಆಂಪಿಯರ್ ಎಂದರೆ ಅದನ್ನೂ ಮೀರಿದ್ದು. ನೀರು ಕುದಿಯುವ ಮೊದಲೇ ಕತ್ತಲಾದೀತು. ತಕ್ಷಣ ಸ್ವಿಚ್ ಮೇಲೆತ್ತಿದರೆ ಪಟ್ಟಿ ಇನ್ನೂ ಬಿಸಿಯಾಗಿಯೇ ಇರುತ್ತದೆ, ಮತ್ತೆ ಬೇಗ ಬೀಳುತ್ತದೆ. ಕೆಲವು ಕಡೆ ಪೆಟ್ಟಿಗೆಗೆ ಬೀಗ ಬೇರೆ, ಕೀಲಿ ಇಟ್ಟುಕೊಂಡವರನ್ನು ಹುಡುಕಿಕೊಂಡು ಹೋಗಬೇಕು.

ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುವ ಸಣ್ಣ ಕೆಟಲ್ ಕರೆಂಟು ಉಳಿಸುತ್ತದೆ ಎಂದು ನಂಬಿದವರಿದ್ದಾರೆ. ಉಳಿಸುವುದಿಲ್ಲ. ಒಂದು ಲೀಟರ್ ತಣ್ಣೀರು ಕುದಿಸಲು ಯಾವ ಕೆಟಲಿಗಾದರೂ ಯೂನಿಟ್ಟಿನ ಹತ್ತನೇ ಒಂದು ಭಾಗ ಬೇಕೇ ಬೇಕು. ಅದನ್ನು 3,000 ವ್ಯಾಟಿನದು ಎರಡು ನಿಮಿಷದಲ್ಲಿ ಕುಡಿಯುತ್ತದೆ, 1,000 ವ್ಯಾಟಿನದು ಆರು ನಿಮಿಷ ತೆಗೆದುಕೊಳ್ಳುತ್ತದೆ. ಬಾವಿ ತುಂಬಿದೆ, ಹಗ್ಗ ಮಾತ್ರ ಸಪೂರ. ಹಾಗಾಗಿ ಆ ಆರು ನಿಮಿಷ ಹೀಟರ್ ಆರಿಸಿದರೆ ಮುಗಿಯಿತು, ಅಷ್ಟರಲ್ಲಿ ಯಾರೂ ನಡುಗಿ ಸಾಯುವುದಿಲ್ಲ. ಇಲ್ಲವೇ ಹೀಟರನ್ನು ಗ್ಯಾಸಿಗೆ ತಿರುಗಿಸಬಹುದು. ಕ್ಯಾರವಾನಿನ ಹಲವು ಫ್ರಿಜ್ಜುಗಳೂ ಗ್ಯಾಸಿನಲ್ಲಿ ಓಡುತ್ತವೆ: ಅವಕ್ಕೆ ಕಂಪ್ರೆಸರ್ ಇಲ್ಲ, ಅಮೋನಿಯಾವನ್ನು ನೀರಿನಿಂದ ಬೇರ್ಪಡಿಸಲು ಬೇಕಾದ ಬಿಸಿ ಉರಿಯಿಂದ ಬಂದರೂ ಸರಿ, ಕರೆಂಟಿನಿಂದ ಬಂದರೂ ಸರಿ. ಮೈಕ್ರೋವೇವ್ ಬಗ್ಗೆ ಮಾತ್ರ ಎಚ್ಚರ. ಮೈಮೇಲೆ ಬರೆದ 800 ವ್ಯಾಟ್ ಅನ್ನಕ್ಕೆ ಸೇರುವ ಬಿಸಿ. ಪ್ಲಗ್ಗಿನಿಂದ ಅದು ಎಳೆಯುವುದು 1,200ರ ಆಸುಪಾಸು.

ಕೊರತೆ ಬಿದ್ದಷ್ಟನ್ನು ಬ್ಯಾಟರಿಯಿಂದ ಸೇರಿಸಿಕೊಡುವ ಇನ್ವರ್ಟರುಗಳೂ ಈಗ ಇವೆ. ಆದರೆ 12 ವೋಲ್ಟಿನಲ್ಲಿ 1,000 ವ್ಯಾಟ್ ಎಂದರೆ ನೂರರ ಹತ್ತಿರ ಆಂಪಿಯರ್. ಬೆರಳು ಗಾತ್ರದ ತಂತಿಯೇ ಬೇಕು.

ಮಿತಿ 16 ಇದ್ದರೂ ಮೈಮರೆಯುವಂತಿಲ್ಲ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಇಪ್ಪತ್ತೈದು ಮೀಟರಿನ, ಎರಡೂವರೆ ಚದರ ಮಿಲಿಮೀಟರಿನ ಕೇಬಲ್ 16 ಆಂಪಿಯರ್‌ನಲ್ಲಿ ತಾನೇ ಸುಮಾರು 100 ವ್ಯಾಟ್ ಬಿಸಿ ಕಕ್ಕುತ್ತದೆ. ಸುರುಳಿ ಬಿಚ್ಚದೆ ಬಿಟ್ಟರೆ ಒಳಸುತ್ತಿನ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ತಂತಿಯ ಹೊದಿಕೆ ಕರಗಬಹುದು. ಪೂರ್ತಿ ಬಿಚ್ಚಿ ಹುಲ್ಲಿನ ಮೇಲೆ ಸಡಿಲವಾಗಿ ಹರಡಬೇಕು. ಅದೇ ಕೇಬಲ್ 6 ಆಂಪಿಯರ್‌ನಲ್ಲಿ ಕಕ್ಕುವುದು ಸುಮಾರು 15 ವ್ಯಾಟ್ ಅಷ್ಟೆ.