ಮಲಿನಜಲದ ಹೊಂಡಗಳ ಸುಧಾರಣೆ

ಹಳ್ಳಿಗಳಿಗೆ ನೀರು ತಂದುಕೊಡುವ ಕಾರ್ಯದಲ್ಲಿ ಸರಕಾರವೂ ಜನರೂ ತೋರಿದ ಉತ್ಸಾಹವು, ಬಳಸಿ ಚೆಲ್ಲಿದ ನೀರು ಎಲ್ಲಿಗೆ ಹೋಗಬೇಕೆಂಬ ವಿಚಾರದಲ್ಲಿ ಕಂಡುಬಂದಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಗೊತ್ತುಪಡಿಸಿತು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಗಟಾರಕ್ಕೆ ಮರಳುವದೆಂಬುದು ಇಂಜಿನಿಯರರ ರೂಢಿಯ ಲೆಕ್ಕ. ಅಂದಮೇಲೆ 10,000 ಜನರಿರುವ ಊರಿನಿಂದ ನಿತ್ಯವೂ 4,40,000 ಲೀಟರ್ ಹೊಲಸು ನೀರು ಹೊರಬೀಳುವದು. ನಳ ಬಂದ ಊರಿಗೆ ಗಟಾರವೂ ಬಂದಿತೆಂದೇ ತಿಳಿಯಬೇಕು.

ಗೋಕಾಕ-ಮೂಡಲಗಿ ಸೀಮೆಯ ತುಕ್ಕಾನಟ್ಟಿಯಂಥ ಊರುಗಳಿಗೆ ಈ ಪ್ರಶ್ನೆಯು ವಿಶೇಷ ಮಹತ್ವದ್ದು. ಇದು ಘಟಪ್ರಭೆಯನ್ನು ನಂಬಿದ ನಾಡು. ಇಲ್ಲಿಯ ಕಬ್ಬು, ಗೋವಿನಜೋಳಗಳಿಗೆ ನದಿಯೂ ಅದರ ಕಾಲುವೆಗಳೂ ಆಧಾರ. ಮೇಲಿನ ಊರು ಹಳ್ಳಕ್ಕೆ ಬಿಟ್ಟುದನ್ನು ಕೆಳಗಿನ ಊರು ಎತ್ತಿಕೊಳ್ಳಬೇಕಾಗುವದು. ಕೊನೆಗೆ ಎಲ್ಲವೂ ಕೃಷ್ಣೆಯನ್ನು ಸೇರುವದು. ನೀರನ್ನು ಕೆಡಿಸಬಾರದೆಂಬ ಕಾಯದೆಯು 1974ರಷ್ಟು ಹಿಂದೆಯೇ ಬಂದಿದೆಯಾದರೂ ಹಳ್ಳವು ಕಾಯದೆಯನ್ನು ಓದಿಕೊಂಡು ಹರಿಯುವದಿಲ್ಲ.

ಊರ ಹೊರಗೆ ಹೊಂಡಗಳನ್ನು ತೋಡಿ ಗಟಾರದ ನೀರನ್ನು ಕೆಲವು ದಿನ ನಿಲ್ಲಿಸುವ ಪದ್ಧತಿಯು ಅಗ್ಗವೂ ಸರಳವೂ ಆದುದು. ಅದನ್ನು ಹೀನವೆಂದು ತಿಳಿಯಕೂಡದು. ಒಂದೂವರೆ ಮೀಟರಿನಷ್ಟು ಆಳದ ಹೊಂಡದಲ್ಲಿ ಬಿಸಿಲಿನ ಬಲದಿಂದ ಪಾಚಿಯು ಬೆಳೆದು ಆಮ್ಲಜನಕವನ್ನು ಕೊಡುತ್ತದೆ. ಅದರ ಆಧಾರದಿಂದ ಸೂಕ್ಷ್ಮಜೀವಿಗಳು ಹೊಲಸನ್ನು ಕರಗಿಸುತ್ತವೆ. ಭಾರವಾದ ರಾಡಿಯೂ ಹುಳುಗಳ ತತ್ತಿಗಳೂ ತಳ ಸೇರುತ್ತವೆ. ನಮ್ಮಂಥ ಬಿಸಿಲುನಾಡಿಗೆ ಇದು ಒಪ್ಪುವ ಉಪಾಯ. ಮೈಸೂರಿನಂಥ ನಗರವೂ ಇದೇ ಜಾತಿಯ, ಆದರೆ ಯಂತ್ರದಿಂದ ಗಾಳಿಯೂಡುವ, ಹೊಂಡಗಳನ್ನು ಕಟ್ಟಿಸಿತು. ಅಲ್ಲಿಯ ವಿದ್ಯಾರಣ್ಯಪುರದ ಘಟಕವೊಂದನ್ನೇ ದಿನಕ್ಕೆ 676 ಲಕ್ಷ ಲೀಟರಿಗೂ ಮಿಕ್ಕ ನೀರಿಗಾಗಿ ರಚಿಸಲಾಯಿತು.

ಆದರೆ ಹೊಂಡಕ್ಕೆ ತನ್ನದೇ ಆದ ಕೊರತೆಗಳುಂಟು. ನೀರನ್ನು ಶುದ್ಧಗೊಳಿಸಿದ ಪಾಚಿಯೇ ಹೊರಹರಿವಿನೊಡನೆ ಹೋಗಿ ಹಳ್ಳವನ್ನು ಹಸಿರುಗಟ್ಟಿಸುವದು. ಮೂತ್ರಾದಿಗಳಿಂದ ಹುಟ್ಟಿದ ಅಮೋನಿಯಾ ಬಹುಪಾಲು ಉಳಿದು ಕೆರೆಯ ಮೀನುಗಳಿಗೆ ವಿಷವಾಗುವದು. ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಬಹು ಮಂದವಾಗಿ ವೃದ್ಧಿಯಾಗತಕ್ಕವು; ಅವಕ್ಕೆ ಅಂಟಿಕೊಂಡು ನಿಲ್ಲಲು ನೆಲೆ ಬೇಕು. ತೆರೆದ ನೀರಿನಲ್ಲಿ ಅವು ಬಲಿಯುವ ಮೊದಲೇ ಪ್ರವಾಹದೊಡನೆ ಕೊಚ್ಚಿಹೋಗುತ್ತವೆ.

ಇಲ್ಲಿಯೇ ಜೈವಿಕ ಶೋಧಕದ ಪ್ರಯೋಜನ. ಹೊಂಡದ ಕೊನೆಯಲ್ಲಿ ಖಡಿ ಅಥವಾ ಪ್ಲಾಸ್ಟಿಕ್ ತುಂಡುಗಳ ಹಾಸನ್ನು ರಚಿಸಿ ಅದರ ಮೂಲಕ ನೀರನ್ನು ಸಾಗಿಸಿದರೆ, ಕಲ್ಲುಗಳ ಮೇಲೆ ಸೂಕ್ಷ್ಮಜೀವಿಗಳ ಲೋಳೆಯ ಪದರವು ಬೆಳೆಯುವದು. ಪಾಚಿಯು ಅಲ್ಲಿ ತಡೆದು ನಿಲ್ಲುವದು, ಅಮೋನಿಯಾ ಮಾರ್ಪಡುವದು. ಆದರೆ ಒಂದು ಭಾಗ ಅಮೋನಿಯಾ ಸಾರಜನಕವು ಮಾರ್ಪಡಲು ನಾಲ್ಕೂವರೆ ಭಾಗಕ್ಕೂ ಮಿಕ್ಕ ಆಮ್ಲಜನಕವು ಬೇಕಾದುದರಿಂದ, ಮುಳುಗಿದ ಕಲ್ಲುಹಾಸಿಗೆ ತಳದಿಂದ ಗಾಳಿಯನ್ನು ಊದಲೇಬೇಕು. ಇಂಗ್ಲಂಡದ ಲೀಡ್ಸ್ ವಿಶ್ವವಿದ್ಯಾಲಯದವರು ಹೊಂಡದ ನೀರಿನ ಮೇಲೆ ಪ್ರಯೋಗ ಮಾಡಿ, ಗಾಳಿಯೂಡಿದ ಕಲ್ಲುಹಾಸೇ ಅಮೋನಿಯಾವನ್ನು ಇಳಿಸುವದೆಂದು ತೋರಿಸಿದ್ದಾರೆ. ಬರಿಯ ಕಲ್ಲು ಸುರಿದು ಶೋಧಕವಾಯಿತೆಂದು ಬಿಲ್ಲು ಬರೆಯುವವರು ಇದನ್ನು ಮರೆಯಬಾರದು.

ಇದು ನಮ್ಮ ನಾಡಿಗೆ ಅಪರಿಚಿತವಾದ ವಿದ್ಯೆಯೂ ಅಲ್ಲ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅರ್ಡರ್ನ್ ಮತ್ತು ಲಾಕೆಟ್ ಎಂಬವರು ಸಜೀವ ರಾಡಿಯಿಂದ ಮಲಿನಜಲವನ್ನು ಶುದ್ಧಗೊಳಿಸುವ ಕ್ರಮವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರರು ಮುಂದೆ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ನರು ಈ ಶುದ್ಧೀಕರಣದಲ್ಲಿ ಏಕಕೋಶ ಜೀವಿಗಳ ಪಾತ್ರವನ್ನು ಕುರಿತು 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಲ್ಲುಹಾಸಿನಲ್ಲಾಗಲಿ ರಾಡಿಯಲ್ಲಾಗಲಿ ದುಡಿಯುವವು ಜೀವಾಣುಗಳೇ. ಬೆಂಗಳೂರಿನಲ್ಲಿ ಅಷ್ಟು ಹಿಂದೆ ಅಭ್ಯಸಿಸಿದ ವಿಷಯವು ಬೆಳಗಾವಿ ಜಿಲ್ಲೆಯ ಹಳ್ಳಿಗೆ ಇನ್ನೂ ಹೊಸದೆನಿಸುವದಾದರೆ ಅದು ವಿಜ್ಞಾನದ ದೋಷವಲ್ಲ.

ಎಲ್ಲ ಹೊಂಡಗಳಿಗೂ ಶೋಧಕವನ್ನು ಕಟ್ಟಿರೆಂದು ನಾವು ಹೇಳುವದಿಲ್ಲ. ಹೊಂಡದ ನೀರೆಲ್ಲ ಕಬ್ಬಿನ ಹೊಲಕ್ಕೇ ಹೋಗುವದಿದ್ದರೆ ಅದರಲ್ಲಿಯ ಸಾರಜನಕವು ಗೊಬ್ಬರವೇ ಸರಿ. ಅದನ್ನು ಕಳೆಯಲು ಹಣ ಸುರಿಯುವದು ವ್ಯರ್ಥ. ಹಳ್ಳಕ್ಕೋ ಕೆರೆಗೋ ಬೀಳುವ ನೀರಿಗೆ ಮಾತ್ರ ಶೋಧಕವು ಅವಶ್ಯ. ಅಲ್ಲದೆ ಶೋಧಕವು ರೋಗಾಣುಗಳನ್ನೆಲ್ಲ ಕೊಲ್ಲುವದಿಲ್ಲ. ಹಸಿಯಾಗಿ ತಿನ್ನುವ ಕಾಯಿಪಲ್ಲೆಗೆ ಈ ನೀರನ್ನು ಉಣಿಸಕೂಡದು. ಅಮೋನಿಯಾ ಹೋಗಿ ನೈಟ್ರೇಟಾದ ನೀರು ನೆಲಕ್ಕಿಳಿದು ಬಾವಿ ಸೇರಿದರೆ ಎಳೆಗೂಸುಗಳಿಗೆ ಅಪಾಯವುಂಟು. ಆದುದರಿಂದ ಹೊಂಡದ ತಳವು ಸೋರದಂತಿರಬೇಕು.

ಹಣವೆಲ್ಲಿಯದೆಂದು ಕೇಳುವವರಿಗೆ ಉತ್ತರವುಂಟು. 2020ರಲ್ಲಿ ಆರಂಭವಾದ ಗ್ರಾಮೀಣ ಸ್ವಚ್ಛ ಭಾರತದ ಎರಡನೆಯ ಹಂತದಲ್ಲಿ, ಬಳಸಿದ ನೀರಿನ ವಿಲೇವಾರಿಗಾಗಿ 5,000ಕ್ಕೆ ಮಿಕ್ಕ ಜನಸಂಖ್ಯೆಯ ಊರುಗಳಿಗೆ ತಲೆಗೆ 660 ರೂಪಾಯಿಗಳವರೆಗೆ ಗೊತ್ತುಪಡಿಸಲಾಗಿತ್ತು. 10,000 ಜನರ ಊರಿಗೆ ಅದು 66 ಲಕ್ಷ. ಕೊರತೆಯಿರುವದು ಕಟ್ಟುವ ಹಣದಲ್ಲಲ್ಲ, ಕಟ್ಟಿದ್ದನ್ನು ಕಾಯುವ ಹಣದಲ್ಲಿ. ರಾಡಿಯನ್ನು ಕಾಲಕಾಲಕ್ಕೆ ತೆಗೆಸದ ಹೊಂಡವು ವರ್ಷವರ್ಷಕ್ಕೂ ಕಿರಿದಾಗುತ್ತ ಬಂದು, ನೀರು ಒಂದು ಬದಿಯಿಂದ ಹೊಕ್ಕು ಹಾಗೆಯೇ ಇನ್ನೊಂದು ಬದಿಯಿಂದ ಹೊರಡುವದು. ವಿದ್ಯುತ್ತಿನ ಬಿಲ್ಲು ಕಟ್ಟದಿದ್ದರೆ ಗಾಳಿಯಂತ್ರವು ನಿಲ್ಲುವದು. ಗಾಳಿ ನಿಂತ ಶೋಧಕವು ತಾನೇ ನಾರುವದು. ಆದುದರಿಂದ ಪಂಚಾಯತಿಯ ವಾರ್ಷಿಕ ಅಂದಾಜುಪತ್ರಿಕೆಯಲ್ಲಿ ಇದಕ್ಕೊಂದು ಬಾಬು ಇರದ ಹೊರತು ಹೊಸ ಘಟಕಕ್ಕೆ ಮಂಜೂರಿ ಕೊಡಕೂಡದೆಂದು ನಮ್ಮ ಸೂಚನೆ.

ಇಂಥ ಪ್ರಯೋಗಕ್ಕೆ ತುಕ್ಕಾನಟ್ಟಿಗಿಂತ ತಕ್ಕ ಸ್ಥಳವು ಈ ಸೀಮೆಯಲ್ಲಿ ದೊರೆಯುವದು ಕಷ್ಟ. ಬರ್ಡ್ಸ್ ಸಂಸ್ಥೆಯು ನಡೆಸುವ ಕೃಷಿ ವಿಜ್ಞಾನ ಕೇಂದ್ರವು ಅಲ್ಲಿಯೇ ಇದೆ. ರೈತರು ಹೊಸ ಬೀಜವನ್ನೂ ಹೊಸ ಕ್ರಮವನ್ನೂ ನೋಡಲು ಅಲ್ಲಿಗೆ ಬರುತ್ತಾರೆ. ಅಲ್ಲೊಂದು ಹೊಂಡ, ಅದಕ್ಕೊಂದು ಶೋಧಕ, ಅದರ ಮುಂದೊಂದು ಕಬ್ಬಿನ ತುಂಡು ಹೊಲ, ಇಷ್ಟನ್ನು ಏರ್ಪಡಿಸಿ, ತಿಂಗಳಿಗೊಮ್ಮೆ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆದಿಟ್ಟರೆ ಅದು ಹತ್ತು ಸುತ್ತೋಲೆಗಳಿಗಿಂತ ಹೆಚ್ಚಿನ ಕೆಲಸ ಮಾಡುವದು. ಜಿಲ್ಲಾ ಪಂಚಾಯತಿಯ ಅಧಿಕಾರಿಗಳು ಇದನ್ನು ಕೈಗೊಳ್ಳಲಿ. ಊರಿನ ಪ್ರಮುಖರು ಸ್ಥಳ ಕೊಟ್ಟು ಸಹಕರಿಸಲಿ. ಊರಲ್ಲಿ ವಾಂತಿಭೇದಿ ಹಬ್ಬಿದ ಮೇಲೆ ಹೊಂಡದ ನಕ್ಷೆ ಬಿಡಿಸುವದು, ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತಾಗುವದು.